ಕಲಬುರಗಿ ಬಿಸಿಲಲ್ಲಿ ವಸಡಿಗೆ ಪ್ರೋಬಯೋಟಿಕ್

ವಸಡಿನಿಂದ ರಕ್ತ ಬರುವವರಿಗೆ ಸ್ಕೇಲಿಂಗ್ (ಹಲ್ಲಿನ ಕಿಟ್ಟ ಕೆರೆದು ತೆಗೆಯೋದು) ಆದಮೇಲೆ ನಾನು ಪ್ರೋಬಯೋಟಿಕ್, ಅಂದರೆ ಒಳ್ಳೇ ಬ್ಯಾಕ್ಟೀರಿಯಾ ಇರುವ ಮಾತ್ರೆ ಕೊಡ್ತೀನಿ. 'ವಸಡು ಸರಿಹೋಗಿದ್ದು ನಿಮ್ಮ ಸ್ಕೇಲಿಂಗ್‌ನಿಂದ, ಮಾತ್ರೆಯಿಂದಲ್ಲ' ಅಂತ ಊರಿನ ಡೆಂಟಿಸ್ಟ್ ಗೆಳೆಯರು ಬಹಳ ದಿನ ಕಾಡಿದರು. ಅರ್ಧ ನಿಜ. ಸ್ಕೇಲಿಂಗ್ ಮಾಡದೆ ಬರೀ ಮಾತ್ರೆ ಕೊಟ್ಟರೆ ದುಡ್ಡು ದಂಡ. ಆದರೆ ರೂಟ್ ಪ್ಲೇನಿಂಗ್ (ವಸಡಿನ ಕೆಳಗೆ ಹಲ್ಲಿನ ಬೇರು ಕೆರೆದು ನಯ ಮಾಡೋದು) ಮಾಡಿ ಮೂರು ತಿಂಗಳಾದರೂ ಪ್ರೋಬ್ (ವಸಡು ಅಳೆಯುವ ತೆಳು ಕಡ್ಡಿ) ತಾಗಿದರೆ ಸಾಕು, ರಕ್ತ ಜಿನುಗುವ ಕೇಸುಗಳು ಇರ್ತವಲ್ವಾ? ನನ್ನ ಪ್ರಯೋಗ ಅಂಥವರ ಮೇಲೆ.

ಬಳಸಿದ್ದು ಲ್ಯಾಕ್ಟೋಬ್ಯಾಸಿಲಸ್ ರ್ಯೂಟೆರಿ ಅನ್ನೋ ಬ್ಯಾಕ್ಟೀರಿಯಾ ಇರುವ ಚೀಪುವ ಮಾತ್ರೆ. ಮೊದಲ ಪಾರ್ಸಲ್ ಬಂದದ್ದು ಮೇ ತಿಂಗಳಲ್ಲಿ. ಹೊರಗೆ 43 ಡಿಗ್ರಿ, ಒಳಗೆ ಐಸ್ ಪ್ಯಾಕ್ ಇಲ್ಲ, ಡಬ್ಬಿ ಮುಟ್ಟಿದರೆ ಕಾದ ಹಂಚು. ಯಾರಿಗೂ ಗುಣ ಕಾಣಲಿಲ್ಲ. ಹದಿನೆಂಟು ಸಾವಿರದಷ್ಟು ಹೋಯ್ತು. ಸಪ್ಲೈಯರ್ ಕೈ ತೊಳೆದುಕೊಂಡ.

ಸಿಟ್ಟಿಗೆ ಒಂದು ಆಟ ಆಡಿದೆ. ಕಾಯಿಸಿ ಆರಿಸಿದ ಹಾಲು, ಚೂರು ಸಕ್ಕರೆ, ಎರಡು ಲೋಟ. ಒಂದಕ್ಕೆ ಆ ಪಾರ್ಸಲ್‌ನ ಮಾತ್ರೆ ಪುಡಿ, ಇನ್ನೊಂದಕ್ಕೆ ಫ್ರಿಜ್‌ನಲ್ಲಿಟ್ಟ ಹೊಸ ಸ್ಟಾಕ್‌ನದು. ಒಂದೂವರೆ ದಿನಕ್ಕೆ ಎರಡನೆಯದು ಹುಳಿ ಬಂತು, ಮೊದಲನೆಯದು ಹಾಗೇ ಇತ್ತು. ಬಿಸಿಲಿಗೆ ಬ್ಯಾಕ್ಟೀರಿಯಾ ಸತ್ತಿದೆ ಅಂತಾಯ್ತು. ಲ್ಯಾಬ್ ಟೆಸ್ಟ್ ಅಲ್ಲ, ಆದರೆ ನನಗೆ ಅಷ್ಟು ಪುರಾವೆ ಸಾಕು. ಈಗ ವರ್ಷದ ಸ್ಟಾಕ್ ಡಿಸೆಂಬರ್, ಜನವರಿಯಲ್ಲೇ ತರಿಸಿಕೊಳ್ಳುತ್ತೇನೆ.

ಆಮೇಲಿನ ತೊಂದರೆ ಬಾಯಿಯ ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಕ್ಲೋರ್‌ಹೆಕ್ಸಿಡಿನ್. ಮನೆಯಲ್ಲಿ ಹಳೇ ಬಾಟ್ಲಿ ಉಳಿದಿರುತ್ತೆ, ಮಾತ್ರೆ ಚೀಪಿ ಅದರಲ್ಲೇ ಬಾಯಿ ಮುಕ್ಕಳಿಸ್ತಾರೆ. ಬಿತ್ತಿದ ಹೊಲಕ್ಕೆ ಕಳೆನಾಶಕ ಹೊಡೆದಂಗೆ. ಈಗ ಬಾಟ್ಲಿ ಕ್ಲಿನಿಕ್‌ಗೇ ತರಿಸಿ ಇಟ್ಟುಕೊಳ್ತೇನೆ. ರಾತ್ರಿ ಬ್ರಷ್ ಆದಮೇಲೆ ಮಾತ್ರೆ, ಅದರ ಮೇಲೆ ನೀರೂ ಬೇಡ. ಸೇಡಂ ಕಡೆಯ ಒಬ್ಬರು ಕೇಳಿದ್ದರು: 'ಸಾಹೇಬ್ರೇ, ಬಾಯಾಗಿನ ಹುಳ ಸಾಯ್ಲಿ ಅಂತ ಬಂದೀನ್ರಿ, ನೀವ್ ಹುಳಾನೇ ಕೊಡ್ಲತ್ತೀರಿ?' ಅವರೇ ಈಗ ಪಕ್ಕದ ಮನೆಯವರನ್ನು ಕರಕೊಂಡು ಬರ್ತಾರೆ.

ನಡುವೆ ಮನೆ ಮೊಸರು ಬಾಯಲ್ಲಿಟ್ಟುಕೊಳ್ಳೋಕೆ ನಾಲ್ಕೈದು ಜನಕ್ಕೆ ಹೇಳಿ ನೋಡಿದೆ. ಏನೂ ಫರಕ್ ಇಲ್ಲ. ಖರ್ಚೂ ಇಲ್ಲ ಅನ್ನಿ.

ಮಾತ್ರೆ ತಗೊಂಡ ಸುಮಾರು ಮೂವತ್ತು ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ರಕ್ತ ನಿಂತಿತು, 5 ಮಿಲಿಮೀಟರ್ ಪಾಕೆಟ್ (ಹಲ್ಲು, ವಸಡಿನ ನಡುವಿನ ಸಂದಿನ ಆಳ) 3-4ಕ್ಕೆ ಇಳಿಯಿತು. ಬೀಡಿ ಸೇದುವವರಲ್ಲಿ ಮೊದಲೇ ರಕ್ತ ಕಡಿಮೆ ಕಾಣುತ್ತೆ, ಅಲ್ಲಿ ಪಾಕೆಟ್ ಅಳತೆ ಮಾತ್ರ ನಂಬಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಲಾಭ ಕಾಣಲಿಲ್ಲ. ಕೀಮೋ ನಡೆಯುತ್ತಿರುವವರಿಗೆ ನಾನು ಕೊಡುವುದೇ ಇಲ್ಲ. ಗುಟ್ಕಾದವರಿಗೆ ಯಾವ ಹೊತ್ತಿಗೆ, ಹೇಗೆ ಕೊಡ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಾತ್ರೆಗೆ ತಿಂಗಳಿಗೆ ಹತ್ತಿರ ಹತ್ತಿರ ಒಂಬೈನೂರು ರೂಪಾಯಿ. ಈ ಬ್ಯಾಕ್ಟೀರಿಯಾ ಬಾಯಲ್ಲಿ ಕಾಯಂ ಮನೆ ಮಾಡಲ್ಲ, ಮಾತ್ರೆ ಬಿಟ್ಟ ಕೆಲವು ವಾರಕ್ಕೆ ಹೋಗಿಬಿಡುತ್ತೆ. ದುಡ್ಡು ಇಸ್ಕೊಳ್ಳೋ ಮೊದಲೇ ಇದನ್ನು ಹೇಳಿಬಿಡ್ತೀನಿ.