ವರ್ಷಗಟ್ಟಲೆ ಅಳೆದ ಲಿಪಿಡ್ ಡೇಟಾ: ನಾನು ಲೆಕ್ಕ ಹಾಕುವ ರೀತಿ

ತೂಕ, ಊಟ, ವ್ಯಾಯಾಮ ಬದಲಾದಾಗ ಎಲ್ಲರ ಲಿಪಿಡ್ (ರಕ್ತದಲ್ಲಿನ ಕೊಬ್ಬಿನ ಅಂಶ) ಒಂದೇ ಥರ ಬದಲಾಗುತ್ತಾ, ಅಥವಾ ಜೀನ್ ನೋಡಿಕೊಂಡು ಬೇರೆ ಬೇರೆ ಥರವಾ? ನನ್ನ ಕೆಲಸವೆಲ್ಲ ಈ ಪ್ರಶ್ನೆಯ ಸುತ್ತ.

ಡೇಟಾ ಬಂದ ಕೂಡಲೇ ನೋಡುವುದು ಮಾತ್ರೆಯ ಕಾಲಂ. ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಜಾಸ್ತಿ ಇರುವವರೇ ಹೆಚ್ಚಾಗಿ ಅದನ್ನು ಇಳಿಸುವ ಸ್ಟಾಟಿನ್ ಮಾತ್ರೆ ಶುರು ಮಾಡುವುದು, ಅಲ್ವಾ? ಆಮೇಲೆ ಎಲ್‌ಡಿಎಲ್ ಇಳಿಯುತ್ತದೆ. ಇದನ್ನು ಗಮನಿಸದಿದ್ದರೆ ವ್ಯಾಯಾಮದಿಂದಲೇ ಇಳಿಯಿತು ಅನ್ನಿಸುತ್ತದೆ. ಅಂಥವರನ್ನು ಕೈಬಿಟ್ಟರೆ ನಮಗೆ ಬೇಕಾದವರೇ ಹೊರಗೆ ಹೋಗುತ್ತಾರೆ. ಅದಕ್ಕೆ ಮಾತ್ರೆ ತಗೊಳ್ಳುವಾಗಿನ ಎಲ್‌ಡಿಎಲ್ ಅನ್ನು 0.7ರಿಂದ ಭಾಗಿಸುತ್ತೇನೆ. ಸ್ಟಾಟಿನ್ ಸುಮಾರು 30% ಇಳಿಸುತ್ತದೆ ಅನ್ನುವ ಅಂದಾಜು ಅದು. ಒರಟು ಲೆಕ್ಕ ನಿಜ, ಆದರೆ ಸುಮ್ನೆ ಬಿಡುವುದಕ್ಕಿಂತ ಎಷ್ಟೋ ವಾಸಿ.

ಎಲ್‌ಡಿಎಲ್ ನೇರವಾಗಿ ಅಳೆದದ್ದೋ, ಬೇರೆ ಲಿಪಿಡ್‌ಗಳ ಅಳತೆಯಿಂದ ಎಲ್‌ಡಿಎಲ್ ಲೆಕ್ಕ ಹಾಕುವ 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಬಂದದ್ದೋ ಅಂತಲೂ ನೋಡುತ್ತೇನೆ. ಟ್ರೈಗ್ಲಿಸರೈಡ್ (ರಕ್ತದ ಇನ್ನೊಂದು ಬಗೆಯ ಕೊಬ್ಬು) ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ಆ ಸೂತ್ರ ನಡೆಯುವುದಿಲ್ಲ.

ಒಬ್ಬರದೇ ಅಳತೆಗಳು ಒಂದನ್ನೊಂದು ಹೋಲುವುದರಿಂದ ಪ್ರತಿ ಅಳತೆಯೂ ಬೇರೆ ಬೇರೆಯವರದು ಅಂತ ಎಣಿಸುವ ಸಾದಾ ರಿಗ್ರೆಷನ್ ಲೆಕ್ಕ ಸಾಲದು. ಮಿಕ್ಸೆಡ್ ಮಾಡೆಲ್ ಹಾಕಿ, ಪ್ರತಿಯೊಬ್ಬರಿಗೂ ಅವರದೇ ಆರಂಭದ ಮಟ್ಟ, ಅವರದೇ ಬದಲಾವಣೆಯ ವೇಗ ಇರಲಿ ಅಂತ ಬಿಡುತ್ತೇನೆ. ಒಂದೆರಡು ಭೇಟಿ ತಪ್ಪಿಸಿಕೊಂಡವರೂ ಇದರಲ್ಲಿ ಉಳಿಯುತ್ತಾರೆ.

ನಾನು ಜಾಸ್ತಿ ಹೊತ್ತು ಕೊಡುವುದು ತೂಕದ ಕಾಲಂಗೆ. ಅದನ್ನು ಎರಡಾಗಿ ಒಡೆಯುತ್ತೇನೆ. ಒಬ್ಬರ ಎಲ್ಲ ಭೇಟಿಗಳ ಸರಾಸರಿ 70 ಕಿಲೊ, ಈ ಸಲ 74 ಅಂದರೆ, ಒಂದು ಕಾಲಂನಲ್ಲಿ 70, ಇನ್ನೊಂದರಲ್ಲಿ 4. ಮೊದಲನೆಯದು ದಪ್ಪಗಿರುವವರಿಗೂ ಸಣ್ಣಗಿರುವವರಿಗೂ ಇರುವ ವ್ಯತ್ಯಾಸ ಹೇಳುತ್ತದೆ. ಅದರಲ್ಲಿ ಅವರು ಬೆಳೆದ ರೀತಿ, ಓದು, ಹಣ ಎಲ್ಲವೂ ಬೆರೆತಿರುತ್ತದೆ. ಎರಡನೆಯದು ಅದೇ ವ್ಯಕ್ತಿಯನ್ನು ಅವರ ಜೊತೆಗೇ ಹೋಲಿಸುತ್ತದೆ. ನನ್ನ ಪ್ರಶ್ನೆಗೆ ಹತ್ತಿರವಾದದ್ದು ಇದೇ. ಹಾಗಾಗಿ ಎರಡನ್ನೂ ಜೀನ್ ಸ್ಕೋರ್ (ಲಿಪಿಡ್ ಏರಿಸುವ ಜೀನ್ ರೂಪಗಳನ್ನು ಕೂಡಿ ಪಡೆದ ಅಂಕ) ಜೊತೆ ಬೇರೆ ಬೇರೆಯಾಗಿ ಗುಣಿಸಿ ಮಾಡೆಲ್‌ಗೆ ಹಾಕುತ್ತೇನೆ. ತೂಕದ ಪರಿಣಾಮ ಜೀನ್ ನೋಡಿಕೊಂಡು ಬದಲಾಗುತ್ತಾ ಅಂತ ಹೇಳುವುದು ಆ ಗುಣಲಬ್ಧವೇ.

ಫಲಿತಾಂಶ ಬಂದ ಮೇಲೂ ಒಂದು ವಿಷಯ ನೋಡಲೇಬೇಕು. ತೂಕ ಏರಿದಾಗ ಜೀನ್ ಸ್ಕೋರ್ ಕಡಿಮೆ ಇರುವ ಗುಂಪಿನ ಟ್ರೈಗ್ಲಿಸರೈಡ್ 100ರಿಂದ 120ಕ್ಕೆ, ಹೆಚ್ಚಿರುವ ಗುಂಪಿನದು 200ರಿಂದ 240ಕ್ಕೆ ಹೋಯಿತು ಅಂದುಕೊಳ್ಳಿ. ಮಿಲಿಗ್ರಾಂ ಲೆಕ್ಕದಲ್ಲಿ ಏರಿಕೆ 20 ಮತ್ತು 40, ಅಂದರೆ ತೂಕದ ಪರಿಣಾಮ ಜೀನ್ ನೋಡಿಕೊಂಡು ಬದಲಾಗುತ್ತದೆ. ಲಾಗ್ (ಲಾಗರಿತಮ್) ತಗೊಂಡರೆ ಲೆಕ್ಕ ಶೇಕಡಾವಾರು ಆಗುತ್ತದೆ: ಎರಡೂ 20% ಏರಿಕೆ, ಆ ವ್ಯತ್ಯಾಸ ಮಾಯ! ಕೆಲವರಲ್ಲಿ ಮಾತ್ರ ತುಂಬಾ ಹೆಚ್ಚಿದ್ದು ಟ್ರೈಗ್ಲಿಸರೈಡ್ ಅಂಕಿಗಳು ಒಂದೇ ಕಡೆ ವಾಲಿರುವುದರಿಂದ ಹೆಚ್ಚಿನವರು ಲಾಗ್ ತಗೊಂಡೇ ಮುಂದೆ ಹೋಗುತ್ತಾರೆ. ನಾನು ಎರಡೂ ಥರ ರನ್ ಮಾಡಿ, ವರದಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಡುತ್ತೇನೆ.