ಲಸಿಕೆ ಹಾಕಿದರೂ ಹಂದಿಮರಿ ಸೊರಗಿದರೆ: ಪಿಸಿವಿ-2 ತಳಿ ಪತ್ತೆ

ಪಿಸಿವಿ-2 ಎಂದರೆ ಮರಿಗಳನ್ನು ಸೊರಗಿಸುವ ಹಂದಿ ವೈರಸ್ (ಪೋರ್ಸೈನ್ ಸರ್ಕೋವೈರಸ್-2). ಅದರ ಲಸಿಕೆ ಹಾಕಿದರೂ ಮರಿ ಸೊರಗಿದರೆ, ವೈರಸ್ ಬದಲಾಗಿದೆ ಎನ್ನುವ ಮುನ್ನ ಫ್ರಿಜ್ ನೋಡಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಿದ್ದರೆ ಎಸೆಯಿರಿ. ತೀರಾ ಎಳೆಯ ಮರಿಗೆ ಚುಚ್ಚಿದರೆ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನು ಮಂಕಾಗಿಸಬಹುದು. ಸಾಮಾನ್ಯವಾಗಿ ಮೂರು ವಾರ ತುಂಬಿರಲಿ.

ಇವೆರಡೂ ಸರಿಯಿದ್ದರೆ, ಸತ್ತ ಮರಿಯ ತೊಡೆಸಂದಿನ ದುಗ್ಧಗ್ರಂಥಿಯ ಒಂದು ತುಂಡನ್ನು ಮಂಜುಗಡ್ಡೆಯಲ್ಲಿಟ್ಟು ಪಿಸಿಆರ್ (ವೈರಸ್‌ನ ಡಿಎನ್‌ಎ ಹುಡುಕುವ) ಪರೀಕ್ಷೆಗೆ, ಇನ್ನೊಂದನ್ನು 10% ಫಾರ್ಮಲಿನ್‌ನಲ್ಲಿ ಅಂಗಾಂಶ ಪರೀಕ್ಷೆಗೆ ಕಳಿಸಿ. ಆರೋಗ್ಯವಂತ ಹಂದಿಯಲ್ಲೂ ಈ ವೈರಸ್ ಸಿಗುವುದರಿಂದ ರೋಗ ಇದರಿಂದಲೇ ಎನ್ನಲು ಅಂಗಾಂಶದ ಗಾಯವೂ ಕಾಣಲೇಬೇಕು.

ಬಳಿಕ ಓಆರ್‌ಎಫ್-2 ಜೀನಿನ ಅನುಕ್ರಮ ಕೇಳಿ. ಸುಮಾರು 700 ಡಿಎನ್‌ಎ ಅಕ್ಷರಗಳ ಈ ಭಾಗವೇ ಹೊರಕವಚದ ಪ್ರೋಟೀನಿನ ನಕ್ಷೆ. ಲಸಿಕೆಯ ಗುರಿಯೂ ಅದೇ. ಮೊದಲ ಲಸಿಕೆಗಳು 2ಎ ತಳಿಯವು. ಹಿಂಡುಗಳಲ್ಲಿ ಆಮೇಲೆ 2ಬಿ, ನಂತರ 2ಡಿ ಹರಡಿದವು. ಅಡ್ಡರಕ್ಷಣೆ, ಅಂದರೆ ಒಂದು ತಳಿಯ ಲಸಿಕೆಯಿಂದ ಬೇರೆ ತಳಿಗಳ ವಿರುದ್ಧವೂ ರಕ್ಷಣೆ, ಇನ್ನೂ ಸಿಗುತ್ತಿದೆ, ಹಾಗಾಗಿ 2ಡಿ ಕಂಡೊಡನೆ ಲಸಿಕೆ ನಿಲ್ಲಿಸಬೇಡಿ.