ಅಗಲಿದ ರ‍್ಯಾಪ್ ಗಾಯಕನ ಅಪ್ರಕಟಿತ ಹಾಡುಗಳನ್ನು ಆಲ್ಬಂ ಆಗಿ ಹೊರತರುವ ಕ್ರಮ

ರ‍್ಯಾಪ್ ಹಾಡುತ್ತಿದ್ದ ಹುಡುಗನೊಬ್ಬ ಅಕಾಲದಲ್ಲಿ ತೀರಿಕೊಂಡರೆ ಅವನ ಹಾಡುಗಳು ಒಂದೇ ಕಡೆ ಸಿಗುವುದಿಲ್ಲ. ಕೆಲವು ಅವನ ಫೋನಿನಲ್ಲಿರುತ್ತವೆ, ಕೆಲವು ಹಳೆಯ ಲ್ಯಾಪ್‌ಟಾಪಿನಲ್ಲಿ, ಉಳಿದವು ಗೆಳೆಯರ ವಾಟ್ಸಾಪ್‌ನಲ್ಲಿ ಮತ್ತು ಅವನು ಯಾವಾಗಲೋ ಹಾಡಿ ಬಿಟ್ಟುಬಂದ ಸ್ಟುಡಿಯೋಗಳ ಕಂಪ್ಯೂಟರುಗಳಲ್ಲಿ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡೆಯ ನಮ್ಮ ಗೆಳೆಯನೊಬ್ಬ ಬೈಕ್ ಅಪಘಾತದಲ್ಲಿ ಹೋದ ಬಳಿಕ ಅವನ ಹಾಡುಗಳನ್ನು ಒಟ್ಟುಮಾಡಿ ಆಲ್ಬಂ ಆಗಿಸುವ ಕೆಲಸ, ಬದಿಯಡ್ಕದ ಹತ್ತಿರ ಸಣ್ಣದೊಂದು ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿರುವ ನನ್ನ ಪಾಲಿಗೆ ಬಂತು. ಅದಕ್ಕೆ ಒಂದೂವರೆ ವರ್ಷ ಹಿಡಿಯಿತು. ಅದರಲ್ಲಿ ಸಂಗೀತದ ಕೆಲಸ ಎರಡು ತಿಂಗಳಿಗಿಂತ ಹೆಚ್ಚಿರಲಿಲ್ಲ; ಉಳಿದ ಕಾಲವೆಲ್ಲ ಹುಡುಕುವುದರಲ್ಲಿ, ಕೇಳುವುದರಲ್ಲಿ, ಒಪ್ಪಿಗೆ ಪಡೆಯುವುದರಲ್ಲಿ ಮತ್ತು ಯಾವುದನ್ನು ಹೊರಗೆ ಬಿಡಬಾರದು ಎಂದು ತೀರ್ಮಾನಿಸುವುದರಲ್ಲಿ ಕಳೆಯಿತು. ಗಡಿನಾಡಿನಲ್ಲಿ ಇಂಥದೇ ಹೊಣೆ ಹೊತ್ತವರಿಗೆ ಉಪಯೋಗವಾಗಲೆಂದು ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರಕ್ರಿಯೆ ಮುಗಿಯುವ ಮೊದಲು ಮನೆಯವರ ಮುಂದೆ ಆಲ್ಬಮಿನ ಮಾತು ಎತ್ತುವುದು ಸರಿಯಲ್ಲ. ಆದರೆ ಅವನ ಫೋನನ್ನು ಬೇರೆಯವರಿಗೆ ಬಳಸಲು ಕೊಡಬಾರದು, ಅಂಗಡಿಗೆ ಒಯ್ದು ರಿಸೆಟ್ ಮಾಡಿಸಬಾರದು, ಪಾಸ್‌ವರ್ಡನ್ನು ಊಹಿಸಿ ಮತ್ತೆ ಮತ್ತೆ ಒತ್ತಬಾರದು ಎಂಬುದನ್ನು ಮಾತ್ರ ಆ ದಿನಗಳಲ್ಲೇ ಮೆಲ್ಲಗೆ ಹೇಳಿಡಬೇಕು. ಐಫೋನಿನಲ್ಲಿ ಅದಕ್ಕೆ ಸಂಬಂಧಿಸಿದ ಆಯ್ಕೆ ಚಾಲ್ತಿಯಲ್ಲಿದ್ದರೆ ಹತ್ತು ಬಾರಿ ತಪ್ಪು ಪಾಸ್‌ಕೋಡ್ ಒತ್ತಿದಾಗ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಬಳಕೆಯಿಲ್ಲದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನಗಳಲ್ಲಿ ರದ್ದಾಗುತ್ತದೆ, ಎರಡು ವರ್ಷ ಯಾರೂ ಮುಟ್ಟದ ಗೂಗಲ್ ಖಾತೆಯನ್ನೂ ಕಂಪೆನಿ ಅಳಿಸಬಹುದು. ಆದ್ದರಿಂದ ಮರಣ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಸಿಮ್ ಕಾರ್ಡನ್ನು ಮನೆಯವರ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿಸಬೇಕು. ತೀರಿಕೊಂಡವರ ಖಾತೆಯಲ್ಲಿರುವುದನ್ನು ಕೋರಲು ಹತ್ತಿರದ ಬಂಧುಗಳಿಗೆ ಗೂಗಲ್ ಒಂದು ಅರ್ಜಿಯ ಕ್ರಮವನ್ನು ಇಟ್ಟಿದೆ. ಗೆಳೆಯನಿಗೆ ಪಾಸ್‌ವರ್ಡ್ ಗೊತ್ತಿದ್ದರೂ ಒಬ್ಬನೇ ಒಳಹೊಕ್ಕು ಹುಡುಕುವುದಕ್ಕಿಂತ ಈ ದಾರಿಯೇ ಮರ್ಯಾದೆಯದು. ಫೋನು ತೆರೆದ ಮೇಲೂ ಮನೆಯವರಲ್ಲಿ ಒಬ್ಬರು ಪಕ್ಕದಲ್ಲಿ ಕುಳಿತಿರಲಿ, ಏಕೆಂದರೆ ಅದರಲ್ಲಿ ಹಾಡಿನ ಜೊತೆಗೆ ಅವನ ಖಾಸಗಿ ಬದುಕೂ ಇರುತ್ತದೆ.

ಗೆಳೆಯರ ಬಳಿಯಿರುವ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತೆಗೆದುಕೊಳ್ಳುವುದು ಒಳ್ಳೆಯದು. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪಿನ ಧ್ವನಿ ಸಂದೇಶದ ಫೈಲಿನ ಹೆಸರಿನಲ್ಲೇ ವರ್ಷ, ತಿಂಗಳು ಮತ್ತು ದಿನ ಸೇರಿರುತ್ತವೆ. ಆ ಹೆಸರನ್ನು ಬದಲಿಸಿದರೆ ಹಾಡು ಯಾವಾಗ ಹುಟ್ಟಿತು ಎಂಬುದಕ್ಕೆ ನಿಮ್ಮಲ್ಲಿರುವ ಒಂದೇ ಸಾಕ್ಷಿ ಹೋಗುತ್ತದೆ. ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತ ತಂತ್ರಾಂಶದಲ್ಲಿ ಮಾಡಿದ ಪ್ರಾಜೆಕ್ಟ್ ಫೈಲನ್ನಷ್ಟೇ ನಕಲು ಮಾಡಿದರೆ ಧ್ವನಿ ಬರುವುದಿಲ್ಲ, ಏಕೆಂದರೆ ಆ ಫೈಲು ಧ್ವನಿಯ ತುಣುಕುಗಳು ಎಲ್ಲಿವೆ ಎಂದು ಹೇಳುತ್ತದೆಯೇ ಹೊರತು ತುಣುಕುಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ; ಇಡೀ ಫೋಲ್ಡರನ್ನೇ ಒಯ್ಯಬೇಕು. ಸಿಕ್ಕಿದ್ದೆಲ್ಲವನ್ನೂ ಮೂರು ಪ್ರತಿ ಮಾಡಿ, ಅವು ಎರಡು ಬಗೆಯ ಸಾಧನಗಳಲ್ಲಿರುವಂತೆಯೂ ಒಂದು ಪ್ರತಿ ಬೇರೆ ಮನೆಯಲ್ಲಿರುವಂತೆಯೂ ನೋಡಿಕೊಳ್ಳಿ. ಮೂಲಪ್ರತಿಯ ಮೇಲೆ ಯಾವ ಕೆಲಸವನ್ನೂ ಮಾಡಬೇಡಿ.

ಆಮೇಲೆ ಕೇಳಲು ಕೂರಬೇಕು. ಒಂದು ದಪ್ಪ ನೋಟ್‌ಪುಸ್ತಕದಲ್ಲಿ ಪ್ರತಿ ಫೈಲಿಗೂ ಒಂದು ಪುಟ ಕೊಟ್ಟು, ಅದು ಎಲ್ಲಿ ಸಿಕ್ಕಿತು, ಯಾವ ದಿನದ್ದು, ಎಷ್ಟು ನಿಮಿಷದ್ದು, ಎಷ್ಟು ವರ್ಸ್ (ಹಾಡಿನ ಚರಣ) ಪೂರ್ತಿಯಾಗಿದೆ, ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಯಾರದು, ಹಿನ್ನೆಲೆಯಲ್ಲಿ ಇನ್ನಾರ ಧ್ವನಿಯಿದೆ ಎಂದು ಬರೆಯಿರಿ. ಒಂದೇ ಹಾಡು ನಾಲ್ಕು ಬಗೆಯಲ್ಲಿ ಸಿಕ್ಕಿದರೆ ಕೊನೆಯದೇ ಅವನಿಗೆ ಒಪ್ಪಿಗೆಯಾದದ್ದು ಎಂದು ತಿಳಿಯಬಾರದು. ಕೆಲವರು ಕೊನೆಗೆ ಒಮ್ಮೆ ಹಾಡಿ ನೋಡಿ, ಬೇಡವೆಂದು ಹಿಂದಿನದಕ್ಕೇ ಮರಳುತ್ತಾರೆ. ಅವನು ಆ ಹಾಡಿಗೆ ಹೆಸರಿಟ್ಟಿದ್ದನೇ, ಯಾವುದಾದರೂ ವೇದಿಕೆಯಲ್ಲಿ ಹಾಡಿದ್ದನೇ, ಕಳಿಸುವಾಗ ಗೆಳೆಯನಿಗೆ ಏನು ಬರೆದಿದ್ದ ಎಂಬುದನ್ನು ಕೇಳಿ ತಿಳಿದು ಅದೇ ಪುಟದಲ್ಲಿ ಸೇರಿಸಿ. ಇಷ್ಟು ಮಾಡುವಷ್ಟರಲ್ಲಿ ಯಾವ ಹಾಡನ್ನು ಅವನು ತಾನೇ ಬಿಡುಗಡೆ ಮಾಡುತ್ತಿದ್ದ ಎಂಬುದು ನಿಮಗೆ ಬಹುಮಟ್ಟಿಗೆ ಗೊತ್ತಾಗಿರುತ್ತದೆ.

ಈ ಕೆಲಸದ ತಿರುಳು ಇರುವುದು ಆ ಪ್ರಶ್ನೆಯಲ್ಲೇ. ಅಮೆರಿಕದ ರ‍್ಯಾಪ್ ಗಾಯಕ ಟೂಪಾಕ್ ಶಕೂರ್ 1996ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಅವರೇ ಹಾಡಿ ಮುಗಿಸಿದ್ದ ಆಲ್ಬಂ ಅದೇ ವರ್ಷದ ನವೆಂಬರಿನಲ್ಲಿ ಬಂತು, ಅದರಲ್ಲಿ ಅವರ ಉದ್ದೇಶ ಕಾಣುತ್ತದೆ. 2004ರಲ್ಲಿ ಬಂದ ಮತ್ತೊಂದು ಆಲ್ಬಮಿನಲ್ಲಾದರೋ ಹಳೆಯ ಧ್ವನಿಗೆ ಬೇರೊಬ್ಬರು ಹೊಸ ಸಂಗೀತ ಕೂಡಿಸಿದರು, ಕೆಲವೆಡೆ ಧ್ವನಿಯ ವೇಗವನ್ನೂ ಶ್ರುತಿಯನ್ನೂ ಬದಲಿಸಿದರು, ಅದಕ್ಕೆ ಕೇಳುಗರಿಂದ ಆಕ್ಷೇಪವೂ ಬಂತು. 2018ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಅಲ್ಲಿಯದೇ ರ‍್ಯಾಪ್ ಗಾಯಕ ಮ್ಯಾಕ್ ಮಿಲ್ಲರ್ ಅವರ ಅರ್ಧವಾಗಿದ್ದ ಆಲ್ಬಮನ್ನು, ಅವರು ಬದುಕಿದ್ದಾಗಲೇ ಜೊತೆಗೆ ಕೆಲಸ ಮಾಡುತ್ತಿದ್ದ ಸಂಗೀತ ನಿರ್ಮಾಪಕ ಜಾನ್ ಬ್ರಯನ್ ಪೂರ್ತಿಗೊಳಿಸಿದರು, ಅದು 2020ರ ಜನವರಿಯಲ್ಲಿ ಕುಟುಂಬದ ಮಾತಿನೊಂದಿಗೆ ಹೊರಬಂತು. ಪೂರ್ತಿಗೊಳಿಸುವವನು ಆ ಕಲಾವಿದನ ಮನಸ್ಸನ್ನು ಬದುಕಿದ್ದಾಗಲೇ ತಿಳಿದವನಾಗಿರಬೇಕು ಎಂಬುದು ಇವೆರಡರಿಂದ ನಾನು ಕಲಿತ ಪಾಠ. ಇನ್ನು ಆಂಡರ್ಸನ್ ಪಾಕ್ ಎಂಬ ಗಾಯಕರು ತಾವು ಸತ್ತ ಮೇಲೆ ತಮ್ಮ ಹೆಸರಿನಲ್ಲಿ ಹಾಡನ್ನಾಗಲಿ ಆಲ್ಬಮನ್ನಾಗಲಿ ಬಿಡುಗಡೆ ಮಾಡಬಾರದೆಂದು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡು, 2021ರಲ್ಲಿ ಅದನ್ನು ಎಲ್ಲರಿಗೂ ತೋರಿಸಿದರು. ನಿಮ್ಮ ಗೆಳೆಯ ಯಾರಿಗಾದರೂ ಅಂಥ ಮಾತು ಹೇಳಿದ್ದು ತಿಳಿದುಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು.

ನಮ್ಮಲ್ಲಿ ಸಿಕ್ಕಿದ್ದ ಮೂವತ್ತೇಳು ಫೈಲುಗಳಲ್ಲಿ ಆಲ್ಬಮಿಗೆ ಹೋದದ್ದು ಒಂಬತ್ತು. ಅವನು ಸ್ವತಃ ಮುಗಿಸಿದ್ದ ಐದನ್ನು ಹಾಗೆಯೇ ತೆಗೆದುಕೊಂಡೆವು. ಧ್ವನಿ ಪೂರ್ತಿಯಾಗಿದ್ದು ಬೀಟ್ ಮಾತ್ರ ತಾತ್ಕಾಲಿಕವಾಗಿದ್ದ ಮೂರಕ್ಕೆ ಅವನ ಹಳೆಯ ಜೊತೆಗಾರನಿಂದಲೇ ಹೊಸ ಬೀಟ್ ಮಾಡಿಸಿದೆವು. ಒಂದು ವರ್ಸ್ ಹಾಡಿ ನಿಲ್ಲಿಸಿದ್ದ ಒಂದನ್ನು, ಎರಡನೆಯ ವರ್ಸಿಗೆ ಬೇರೊಬ್ಬರನ್ನು ಕರೆಸದೆ, ನಿಂತಲ್ಲಿಗೇ ನಿಲ್ಲಿಸಿದೆವು. ಇನ್ನೊಬ್ಬ ರ‍್ಯಾಪರನನ್ನು ಹೆಸರೆತ್ತಿ ಬೈದ ಹಾಡು ಸಂಗೀತದ ದೃಷ್ಟಿಯಿಂದ ಬಹಳ ಚೆನ್ನಾಗಿತ್ತು, ಆದರೆ ಅವರಿಬ್ಬರೂ ಆಮೇಲೆ ರಾಜಿಯಾಗಿದ್ದರು. ಆ ಜಗಳವನ್ನು ಸತ್ತವನ ಬಾಯಿಂದ ಮತ್ತೆ ಹೊರಡಿಸುವುದು ತಪ್ಪೆಂದು ಅದನ್ನು ಬಿಟ್ಟೆವು. ಕೃತಕ ಬುದ್ಧಿಮತ್ತೆಯಿಂದ ಅವನ ಧ್ವನಿಯನ್ನು ಹುಟ್ಟಿಸಿ ಅರ್ಧವಾದ ಸಾಲುಗಳನ್ನು ತುಂಬಿಸಬಹುದೆಂದು ಇಬ್ಬರು ಸೂಚಿಸಿದರು. ಅದು ಇಂದು ಸುಲಭದ ಕೆಲಸ, ಆದರೂ ನೀವು ಮಾಡಬೇಡಿ. ಅವನು ಆಡದ ಮಾತನ್ನು ಅವನ ಧ್ವನಿಯಲ್ಲಿ ಆಡಿಸಿದ ಮೇಲೆ ಉಳಿದ ಹಾಡುಗಳಲ್ಲಿ ಯಾವುದು ನಿಜವಾಗಿ ಅವನದು ಎಂಬ ಸಂಶಯ ಕೇಳುಗನಿಗೆ ತಪ್ಪುವುದಿಲ್ಲ. ಬೀಟಿನೊಂದಿಗೆ ಅಂಟಿಹೋದ ಹಳೆಯ ಧ್ವನಿಯನ್ನು ಬೇರ್ಪಡಿಸಲು ಮಾತ್ರ ಅಂಥ ತಂತ್ರಾಂಶವನ್ನು ಬಳಸಬಹುದು.

ಹಕ್ಕುಗಳ ವಿಷಯವನ್ನು ಆಯ್ಕೆ ಮುಗಿಯುವ ಮೊದಲೇ ಕೈಗೆತ್ತಿಕೊಳ್ಳಿ. ಅವನೇ ಮಾಡಿದ ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಅವನ ವಾರಸುದಾರರಿಗೆ ಹೋಗುತ್ತದೆ, ಗೆಳೆಯರ ಬಳಗಕ್ಕಲ್ಲ. ಉಯಿಲು ಬರೆಯದೆ ತೀರಿಕೊಂಡ ಅವಿವಾಹಿತ ಹಿಂದೂ ಯುವಕನಿಗೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲ ವರ್ಗದ ವಾರಸುದಾರಳು ತಾಯಿ, ತಂದೆ ಬರುವುದು ಎರಡನೆಯ ವರ್ಗದಲ್ಲಿ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಿಗೆ ನಿಯಮ ಬೇರೆ. ಹಾಗಾಗಿ ಮನೆಯಲ್ಲಿ ಮಾತನಾಡುವವರು ತಂದೆಯೋ ಅಣ್ಣನೋ ಆಗಿದ್ದರೂ ಸಹಿ ಯಾರದು ಬೇಕೆಂದು ವಕೀಲರಲ್ಲಿ ಒಮ್ಮೆ ಕೇಳಿ, ತಾಲೂಕು ಕಚೇರಿಯಿಂದ ವಾರಸುದಾರರ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ನಮ್ಮ ಜಿಲ್ಲೆಯ ಕಾಗದಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ, ಆದರೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ತಾಯಿಗೆ ಓದಲು ಬರುವುದು ಕನ್ನಡವೊಂದೇ ಆದರೆ ನೀವು ಅವರೊಂದಿಗೆ ಮಾಡಿಕೊಳ್ಳುವ ಒಪ್ಪಂದವೂ ಕನ್ನಡದಲ್ಲೇ ಇರಲಿ, ಅದನ್ನು ಅವರ ಮುಂದೆ ನಿಧಾನವಾಗಿ ಓದಿ ಹೇಳಿ.

ಆ ಒಪ್ಪಂದ ಬರಹದಲ್ಲಿ, ಸಹಿಯೊಂದಿಗೆ ಇರಬೇಕೆಂದು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಹಕ್ಕನ್ನು ವಹಿಸಿಕೊಡುವಾಗ ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ಬರೆಯದಿದ್ದರೆ ಭಾರತದೊಳಗೆ ಮಾತ್ರವೆಂದೂ ಕಾನೂನು ತಿಳಿದುಕೊಳ್ಳುತ್ತದೆ, ಆದ್ದರಿಂದ ಎರಡನ್ನೂ ಸ್ಪಷ್ಟವಾಗಿ ಬರೆಸಿ. ರಚನಕಾರ ಬದುಕಿದ್ದಾಗ ಪ್ರಕಟವಾಗದ ಸಾಹಿತ್ಯ ಮತ್ತು ಸಂಗೀತಕ್ಕೆ, ಮೊದಲು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಕೃತಿಸ್ವಾಮ್ಯವಿರುತ್ತದೆ. ನೀವು ಬಿಡುಗಡೆ ಮಾಡುವ ದಿನಾಂಕಕ್ಕೆ ಅಷ್ಟು ತೂಕವಿದೆ. ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕೂ ವಾರಸುದಾರರಿಗೆ ಇದೆ. ಪಂಜಾಬಿನ ಗಾಯಕ ಸಿಧು ಮೂಸೆವಾಲಾ 2022ರ ಮೇ 29ರಂದು ಕೊಲೆಯಾದ ಮೇಲೆ, ಅವರ ಅಪ್ರಕಟಿತ ಹಾಡೊಂದರ ಬಿಡುಗಡೆಗೆ ಮನೆಯವರ ಅರ್ಜಿಯ ಮೇರೆಗೆ ಅದೇ ವರ್ಷ ಮಾನ್ಸಾದ ನ್ಯಾಯಾಲಯ ತಡೆ ನೀಡಿತ್ತು.

ಮುಖ್ಯ ತೊಡಕು ಬರುವುದು ಬೀಟಿನಲ್ಲಿ. ನಮ್ಮ ಹುಡುಗರು ಅಂತರ್ಜಾಲದಿಂದ ಉಚಿತವಾಗಿ ಇಳಿಸಿಕೊಂಡ ಬೀಟಿನ ಮೇಲೆ ಹಾಡಿರುತ್ತಾರೆ, ಅಂಥವು ಅನೇಕ ವೇಳೆ ದುಡ್ಡು ಬಾರದ ಬಳಕೆಗೆ ಮಾತ್ರ ಉಚಿತ. ದುಡ್ಡು ಕೊಟ್ಟು ಲೀಸಿಗೆ ಪಡೆದದ್ದಾದರೂ ಅದು ಕೊಂಡವನ ಹೆಸರಿನಲ್ಲಿ, ಇಂತಿಷ್ಟು ಸಲ ಕೇಳುವವರೆಗೆ ಎಂಬ ಮಿತಿಯೊಂದಿಗೆ ಇರುತ್ತದೆ. ಬೀಟ್ ಮಾಡಿದವರಿಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿ, ಹೊಸದಾಗಿ ಬರಹದ ಅನುಮತಿ ಪಡೆಯಿರಿ. ನಾವು ಬರೆದ ಮೂವರಲ್ಲಿ ಇಬ್ಬರು ದುಡ್ಡು ತೆಗೆದುಕೊಳ್ಳದೆ ಒಪ್ಪಿದರು. ಉತ್ತರ ಬಾರದಿದ್ದರೆ ಆ ಬೀಟನ್ನು ಬಿಟ್ಟು ಹೊಸದನ್ನು ಮಾಡಿಸುವುದೇ ಸರಿ. ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದ ಹಾಡಾದರೆ ಧ್ವನಿಮುದ್ರಣದ ಹಕ್ಕು ಅದನ್ನು ಮುಂದೆ ನಿಂತು ಮಾಡಿಸಿದವರದು, ಅದು ಯಾರೆಂದು ತೀರ್ಮಾನಿಸಿ ಸ್ಟುಡಿಯೋದವರಿಂದಲೂ ಒಂದು ಒಪ್ಪಿಗೆಪತ್ರ ತೆಗೆದುಕೊಳ್ಳಿ.

ಸಾಹಿತ್ಯವನ್ನು ಬರಹಕ್ಕಿಳಿಸುವಾಗ ಕಾಸರಗೋಡಿನವರಿಗೆ ಬೇರೆಲ್ಲೂ ಇಲ್ಲದ ಕಷ್ಟವಿದೆ. ನಮ್ಮ ಗೆಳೆಯ ಒಂದೇ ವರ್ಸಿನಲ್ಲಿ ಕನ್ನಡ, ತುಳು, ಮಲಯಾಳಗಳ ನಡುವೆ ಓಡಾಡುತ್ತಿದ್ದ. 'ಎನ್ನ' ಎಂಬ ಒಂದು ಶಬ್ದವನ್ನೇ ನೋಡಿ: ತುಳುವಿನಲ್ಲೂ ಹವ್ಯಕ ಕನ್ನಡದಲ್ಲೂ ಅದಕ್ಕೆ 'ನನ್ನ' ಎಂದರ್ಥ, ಮಲಯಾಳದಲ್ಲಿ ಅದೇ ಉಚ್ಚಾರದ ಶಬ್ದಕ್ಕೆ 'ಎಂಬ' ಎಂದರ್ಥ. ನಾನು ಮಲಯಾಳವೆಂದು ಬರೆದುಕೊಂಡಿದ್ದ ಸಾಲನ್ನು ಅವನ ತಂಗಿ ಕೇಳಿದ ಕೂಡಲೇ ತುಳುವೆಂದು ಹೇಳಿದಳು, ಆಗ ಇಡೀ ವರ್ಸಿನ ಅರ್ಥವೇ ತಿರುಗಿತು. ಆದ್ದರಿಂದ ಪ್ರತಿ ಹಾಡನ್ನೂ ಆಯಾ ಭಾಷೆ ಮನೆಮಾತಾಗಿರುವ ಒಬ್ಬರಿಗಾದರೂ ಕೇಳಿಸಿ, ಬ್ಯಾರಿ ಮಾತು ಬಂದರೆ ಬ್ಯಾರಿಯವರಿಗೇ ಕೇಳಿಸಿ. ಅವನು ಆಡಿದ್ದನ್ನು ಗ್ರಂಥಭಾಷೆಗೆ ತಿದ್ದಬೇಡಿ. ಅನುಮಾನವಿರುವ ಶಬ್ದವನ್ನು ಊಹಿಸಿ ತುಂಬುವುದಕ್ಕಿಂತ ಚುಕ್ಕೆಯಿಟ್ಟು ಬಿಡುವುದು ಮೇಲು.

ಮಿಕ್ಸಿಂಗ್ (ಧ್ವನಿ ಮತ್ತು ಬೀಟನ್ನು ಹದವಾಗಿ ಬೆರೆಸುವ ಕೆಲಸ) ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಬಲ್ಲವರು ಎಲ್ಲೆಡೆ ಇದ್ದಾರೆ. ಗದ್ದಲ ತೆಗೆಯುವ ತಂತ್ರಾಂಶವನ್ನು ಮಾತ್ರ ಹಿಡಿತದಲ್ಲಿ ಬಳಸಿ. ಆಟಿ ತಿಂಗಳ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಅವನು ಫೋನಿಗೆ ಹಾಡಿದ್ದ ಒಂದು ಹಾಡಿನಿಂದ ಮಳೆಯ ಸದ್ದನ್ನು ನಾನು ಪೂರ್ತಿ ತೆಗೆದಾಗ ಶಬ್ದಗಳ ಕೊನೆಯ ವ್ಯಂಜನಗಳೂ ಅದರೊಂದಿಗೆ ಸವೆದುಹೋದವು, ಗೆಳೆಯರು ಇದು ಅವನ ಧ್ವನಿಯಲ್ಲವೆಂದರು. ಮಳೆಯನ್ನು ಅರ್ಧ ಉಳಿಸಿದ ಮೇಲೆ ಹಾಡು ಸರಿಯಾಯಿತು.

ಬಿಡುಗಡೆಗೆ, ಹಾಡುಗಳನ್ನು ಅಂತರ್ಜಾಲದ ಸಂಗೀತ ತಾಣಗಳಿಗೆ ತಲುಪಿಸುವ ವಿತರಣಾ ಕಂಪೆನಿಯಲ್ಲಿ ಖಾತೆ ತೆರೆಯುವಾಗ ದುಡ್ಡು ಹೋಗುವ ಬ್ಯಾಂಕ್ ಖಾತೆ ವಾರಸುದಾರರದೇ ಆಗಿರಲಿ, ನಿಮ್ಮದು ಬೇಡ. ರಚನಕಾರರ ರಾಯಧನವನ್ನು ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ವಾರಸುದಾರರಿಗೂ ಸದಸ್ಯತ್ವವಿದೆ. ಪ್ರತಿ ಹಾಡಿಗೆ ಹನ್ನೆರಡು ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ ಸಿಗುತ್ತದೆ, ಅದನ್ನು ನೋಟ್‌ಪುಸ್ತಕದ ಅದೇ ಪುಟದಲ್ಲಿ ಬರೆದಿಡಿ. ಯೂಟ್ಯೂಬಿನಲ್ಲಿ ಅವನ ಹಳೆಯ ಚಾನೆಲ್ ಇದ್ದರೆ ಅದನ್ನು, ಯೂಟ್ಯೂಬ್ ತಾನಾಗಿ ನಡೆಸುವ ಹಕ್ಕಿನ ತಪಾಸಣೆಯಿಂದ ಹೊರಗಿಡುವಂತೆ ವಿತರಕರಿಗೆ ಮೊದಲೇ ತಿಳಿಸಿ. ಇಲ್ಲವಾದರೆ ಅವನದೇ ಹಾಡಿಗೆ ಅವನದೇ ಚಾನೆಲಿನ ಮೇಲೆ ದೂರು ಬೀಳುತ್ತದೆ. ಮುಖಪುಟದ ಚಿತ್ರವನ್ನು ಮನೆಯವರು ಆರಿಸಲಿ. ವಿವರಣೆಯಲ್ಲಿ ಪ್ರತಿ ಹಾಡಿಗೂ ಧ್ವನಿ ಯಾವ ವರ್ಷದ್ದು, ಬೀಟ್ ಯಾವ ವರ್ಷದ್ದು, ಅವನು ಹೋದ ಮೇಲೆ ಏನನ್ನು ಸೇರಿಸಲಾಗಿದೆ ಎಂದು ಮುಚ್ಚುಮರೆಯಿಲ್ಲದೆ ಬರೆಯಿರಿ.

ಆಲ್ಬಮಿಗೆ ಸೇರದ ಫೈಲುಗಳನ್ನು ಅಳಿಸಬೇಡಿ, ಗೆಳೆಯರ ಗುಂಪುಗಳಿಗೆ ಕಳಿಸಲೂಬೇಡಿ. ಅವನ್ನೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿಸಿ, ಯಾವುದನ್ನು ಏಕೆ ಬಿಟ್ಟೆವೆಂದು ಬರೆದ ಹಾಳೆಯನ್ನೂ ನೋಟ್‌ಪುಸ್ತಕವನ್ನೂ ಜೊತೆಗಿಟ್ಟು, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಅವನ ತಾಯಿಗೆ ಒಪ್ಪಿಸಿ. ಕರಾವಳಿಯ ಹವೆ ಡಿಸ್ಕುಗಳಿಗೆ ಒಳ್ಳೆಯದಲ್ಲ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಹೋಗಿ, ಡಿಸ್ಕನ್ನು ತೆರೆದು ನಾಲ್ಕಾರು ಫೈಲುಗಳನ್ನು ಕೇಳಿ ನೋಡಿ, ಸಿಲಿಕಾ ಜೆಲ್ ಬದಲಿಸಿ ಬನ್ನಿ.